ರಿಪೋರ್ಟ್ ಬರುವವರೆಗಿನ ದಿನಗಳು

ಮಾನ್ಯರೇ,

ಕುತ್ತಿಗೆಯ ಬಲಗಡೆ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ಯಾದಗಿರಿಯ ಡಾಕ್ಟರು ಕಲಬುರಗಿಗೆ ಕಳಿಸಿದರು. ಅಲ್ಲಿ ಬಯಾಪ್ಸಿ (ಗಂಟಿನ ತುಣುಕು ತೆಗೆದು ಮಾಡುವ ಪರೀಕ್ಷೆ) ಮಾಡಿ, ‘ರಿಪೋರ್ಟ್ ಬಂದ ಮೇಲೆ ಬನ್ನಿ’ ಎಂದರು. ಯಾವಾಗ ಬರುತ್ತದೆ, ಯಾಕೆ ತಡ, ಒಂದು ಮಾತಿಲ್ಲ.

ಆ 11 ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ದಿನಕ್ಕೆ 20 ಸಲ ಗಂಟು ಮುಟ್ಟಿ ನೋಡುತ್ತಿದ್ದೆ. ಮುಟ್ಟಿ ಮುಟ್ಟಿ ಅಲ್ಲೇ ನೋವು ಶುರುವಾಯಿತು, ಅದಕ್ಕೂ ಹೆದರಿದೆ! ರಾತ್ರಿ ಮೊಬೈಲಿನಲ್ಲಿ ಹುಡುಕಿದರೆ ಎಲ್ಲ ದಾರಿಯೂ ಕ್ಯಾನ್ಸರಿಗೇ ಹೋಗುತ್ತಿತ್ತು. ನೋಡಲು ಬಂದ ನೆಂಟರು ಬೇರೆ, ಸತ್ತವರ ಕಥೆಯನ್ನೇ ಹೇಳುತ್ತಿದ್ದರು.

ಕೊನೆಗೆ ಲ್ಯಾಬಿನ ಹುಡುಗನೊಬ್ಬ ಸಮಾಧಾನವಾಗಿ ವಿವರಿಸಿದ. ತೆಗೆದ ತುಣುಕನ್ನು ಕೆಡದಂತೆ ಫಾರ್ಮಲಿನ್ ಎಂಬ ದ್ರವದಲ್ಲಿ ಇಟ್ಟು, ಮೇಣದಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು, ಬಣ್ಣ ಹಾಕಿ ನೋಡಬೇಕಂತೆ. ತಡವಾಯಿತು ಎಂದರೆ ಕೆಟ್ಟ ಸುದ್ದಿ ಅಂತಲ್ಲ. ಇಷ್ಟನ್ನು ಮೊದಲೇ ಹೇಳಿದ್ದರೆ ಅರ್ಧ ಭಯ ಇಳಿಯುತ್ತಿತ್ತು, ಅಲ್ವಾ? ಆಸ್ಪತ್ರೆಗಳು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕೊಟ್ಟರೂ ಸಾಕು.

ನನಗೆ ಜಾಸ್ತಿ ನೆರವಾದದ್ದು ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 14416. ಉಚಿತ. ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ‘ಗಂಟು ಮುಟ್ಟುವುದು ಬಿಡಿ, ಚಿಂತೆಗೆ ಸಂಜೆ ಅರ್ಧ ಗಂಟೆ ಮಾತ್ರ ಕೊಡಿ’ ಎಂದರು. ಚಿಂತೆಗೂ ಟೈಮ್ ಟೇಬಲ್ಲಾ ಎಂದು ನಗು ಬಂತು. ಆದರೆ ಮೂರನೇ ದಿನದಿಂದ ರೊಟ್ಟಿ ಗಂಟಲಲ್ಲಿ ಇಳಿಯತೊಡಗಿತು.

ಅಂದಹಾಗೆ, ನನ್ನದು ಟಿಬಿ ಗಂಟು. 6 ತಿಂಗಳ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತಿದೆ.

– ಒಬ್ಬ ಓದುಗ, ಯಾದಗಿರಿ