ಊರಿನ ಹೆಸರು ಕೇಳಿಸಿಕೊಂಡು ಬರೆ

ಪ್ರೀತಿಯ ತಮ್ಮ,

ನಿನ್ನ ಹಸ್ತಪ್ರತಿ ಬಂದು ಹದಿನೈದು ದಿನವಾಯಿತು. ಜೊತೆಗೆ ‘ಬರೆಯುವುದನ್ನೇ ಬಿಡುತ್ತೇನೆ ಸರ್’ ಅಂತ ಒಂದು ಚೀಟಿ ಬೇರೆ. ಬಿಡುವವನು ಗ್ಲಾಸ್ಗೋದಿಂದ ಇಷ್ಟು ಅಂಚೆ ಖರ್ಚು ಮಾಡುತ್ತಾನೇನೋ? ಅಧ್ಯಾಯ, ಪ್ರಕಾಶಕ, ಮುನ್ನುಡಿ, ಇವನ್ನೆಲ್ಲ ನನ್ನ ಹತ್ತಿರ ಕೇಳಬೇಡ.

ನನಗೆ ಸಿಟ್ಟು ಬಂದದ್ದು ಊರಿನ ಹೆಸರಿಗೆ. ಸ್ಕಾಟ್ಲೆಂಡಿನ ಆ ಪುಟ್ಟ ಊರನ್ನು (Sanquhar) ಉದ್ದಕ್ಕೂ ‘ಸಾಂಕ್ವಹಾರ್’ ಅಂತ ಬರೆದಿದ್ದೀಯ. ಮಗಳ ಮನೆಗೆ ಬಂದಿದ್ದಾಗ ನಾನೂ ಡಂಫ್ರೀಸ್ ರೈಲು ಹತ್ತಿ ಅಲ್ಲಿಗೆ ಹೋಗಿದ್ದೆ. ಬೋರ್ಡಿನಲ್ಲಿ ನಿನ್ನ ಹಾಗೇ ಓದಿಕೊಂಡು ಕೂತಿದ್ದವನು, ‘ಸ್ಯಾಂಕರ್’ ಅಂತ ಕೇಳಿಸಿದಾಗ ಬೇರೆ ಯಾವುದೋ ಊರೆಂದುಕೊಂಡೆ. ಇಳಿಯುವುದು ಸ್ವಲ್ಪದರಲ್ಲಿ ತಪ್ಪುತ್ತಿತ್ತು. ಆ ಹೆಸರಿಗೆ ಸ್ಕಾಟ್ಲೆಂಡಿನ ಹಳೆಯ ಭಾಷೆ ಗೇಲಿಕ್‌ನಲ್ಲಿ ‘ಹಳೆಯ ಕೋಟೆ’ ಎಂದರ್ಥ. ಅಲ್ಲಿಯ ಒಬ್ಬರ ಹತ್ತಿರ ಮಾತಾಡಿದ್ದರೂ ನಿನಗೆ ಇದು ಗೊತ್ತಾಗುತ್ತಿತ್ತು. ನೀನು ಹೋಗೇ ಇಲ್ಲ, ಅಲ್ಲವಾ?

ಲೋಲ್ಯಾಂಡ್ಸ್, ಅಂದರೆ ತಗ್ಗುಸೀಮೆ, ಅಂದ ತಕ್ಷಣ ದಾವಣಗೆರೆ ಬಯಲಿನ ಹಾಗೆ ಚಪ್ಪಟೆ ಮಾಡಿಬಿಟ್ಟಿದ್ದೀಯ. ನಿತ್ ಹೊಳೆಯ ಕಣಿವೆಯಲ್ಲಿ ಕೂತ ಊರು ಮಾರಾಯ ಅದು. ತಲೆ ಎತ್ತಿದರೆ ಬೋಳುಗುಡ್ಡ, ಗುಡ್ಡದ ಮೇಲೆ ಕುರಿ. ಉತ್ತರದ ಹೈಲ್ಯಾಂಡ್ಸ್‌ಗೆ ಹೋಲಿಸಿದರೆ ತಗ್ಗು, ಅಷ್ಟೆ. ಸುತ್ತಲಿನ ಗಟ್ಟಿ ಬಂಡೆಗಳ ನಡುವೆ ಬೊಗಸೆಯಷ್ಟು ಕಲ್ಲಿದ್ದಲು ಸಿಕ್ಕಿದ್ದಕ್ಕೇ ಆ ಸೀಮೆಯಲ್ಲಿ ಗಣಿಗಳು ನಡೆದವು. 1680ರಲ್ಲಿ ಧರ್ಮಬೋಧಕ ರಿಚರ್ಡ್ ಕ್ಯಾಮೆರಾನ್ ಮತ್ತು ಸಂಗಡಿಗರು ಪೇಟೆಯಲ್ಲಿ ನಿಂತು ಎರಡನೇ ಚಾರ್ಲ್ಸ್ ತಮಗೆ ರಾಜನಲ್ಲವೆಂದು ಸಾರಿದ್ದು, ಕ್ಯಾಮೆರಾನ್ ಒಂದೇ ತಿಂಗಳಲ್ಲಿ ಕಾದಾಡಿ ಸತ್ತದ್ದು, 1712ರ ಅಂಚೆ ಕಚೇರಿ, 1735ರ ಟೋಲ್‌ಬೂತ್ ಎಂಬ ಪುರಭವನ ಎಲ್ಲವನ್ನೂ ಸರಿಯಾಗಿ ಬರೆದಿದ್ದೀಯ. ಆದರೆ ಎಲ್ಲಿಂದಲೋ ಇಳಿಸಿಕೊಂಡದ್ದು ಅಂತ ಎರಡನೇ ಸಾಲಿಗೇ ಗೊತ್ತಾಗುತ್ತದೆ.

ಹನ್ನೊಂದನೇ ಪುಟದಲ್ಲಿ ಮಾತ್ರ ನೀನು ಸಿಕ್ಕಿದೆ. ಗ್ಲಾಸ್ಗೋದ ಹಳೆ ಸಾಮಾನಿನ ಅಂಗಡಿಯಲ್ಲಿ ನೋಡಿದ ಸ್ಯಾಂಕರ್ ಕೈಗವಸು: ಕಪ್ಪು ಬಿಳುಪಿನ ಚೌಕುಳಿ, ಮಣಿಕಟ್ಟಿನ ಪಟ್ಟಿಯಲ್ಲಿ ಯಾರದೋ ಹೆಸರಿನ ಎರಡಕ್ಷರ, ಸವೆದ ಹೆಬ್ಬೆರಳಿಗೆ ಕಂದು ಉಣ್ಣೆಯ ತೇಪೆ. ಆ ಹೆಬ್ಬೆರಳನ್ನು ನಾಲ್ಕು ಸಲ ಓದಿದೆ. ಕಪ್ಪು ದಾರ ಸಿಗಲಿಲ್ಲವೋ, ಹೊಲಿದವರಿಗೆ ಕಣ್ಣು ಮಂಜಾಗಿತ್ತೋ ಅಂತ ಕೇಳಿ ಸುಮ್ಮನಾಗಿದ್ದೀಯಲ್ಲ, ಚೆನ್ನಾಗಿದೆ ಕಣೋ.

ನನ್ನ ಮೊದಲ ಕಥೆಯಲ್ಲಿ ಆಷಾಢದ ಮಳೆಯಲ್ಲೇ ಮೀನು ಹಿಡಿಯುವ ಟ್ರಾಲ್ ಬೋಟನ್ನು ಕಡಲಿಗಿಳಿಸಿದ್ದೆ. ಆಗ ನಾನು ಕಡಲು ಕಂಡದ್ದು ಕ್ಯಾಲೆಂಡರಿನಲ್ಲಿ. ದೊಡ್ಡ ವಿಮರ್ಶಕರೊಬ್ಬರು ‘ಕಡಲಿನ ಉಸಿರಿದೆ’ ಅಂತ ಬರೆದರು. ಮೂರು ವರ್ಷ ಅದನ್ನೇ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಮಲ್ಪೆ ಕಡೆಯ ಓದುಗರೊಬ್ಬರಿಂದ ಕಾರ್ಡು ಬಂತು: ‘ಆ ತಿಂಗಳು ನಮ್ಮ ಬೋಟು ದಡದಲ್ಲಿರುತ್ತದೆ ಸ್ವಾಮಿ.’ ಅಷ್ಟೇ. ಬೈದಿರಲಿಲ್ಲ. ಉತ್ತರ ಬರೆಯಲು ನನಗೆ ಮುಖವಿರಲಿಲ್ಲ. ವಿಮರ್ಶೆಯ ತುಣುಕು ಎಲ್ಲೋ ಹೋಯಿತು, ಕಾರ್ಡು ಇನ್ನೂ ಮೇಜಿನ ಡ್ರಾಯರಿನಲ್ಲಿದೆ.

ಶನಿವಾರ ರೈಲು ಹತ್ತು. ಕ್ಯಾಮೆರಾ ಒಯ್ಯಬೇಡ. ಕೊಡೆಯೂ ಬೇಡ, ಆ ಗಾಳಿಗೆ ನಿಲ್ಲುವುದಿಲ್ಲ. ಟೋಪಿಯಿರುವ ಕೋಟು ಹಾಕಿಕೋ. ಹೆಬ್ಬೆರಳಿಗೆ ತೇಪೆ ಹಾಕುವುದು ಹೇಗೆ ಅಂತ ಅಲ್ಲಿ ಹೆಣೆಯುವವರನ್ನು ಕೇಳಿ ನನಗೆ ಬರೆ.

ನಿನ್ನ,
ಮೇಷ್ಟ್ರು