ನನ್ನನ್ನು ನಂಬದೇ ಇದ್ದವರಿಗೆಲ್ಲ ಥ್ಯಾಂಕ್ಸ್

ಇವತ್ತಿಗೆ ಕುಡಿತ ಬಿಟ್ಟು 365 ದಿನ. ಅದರಲ್ಲಿ ಮೊದಲ 90 ದಿನ ವ್ಯಸನಮುಕ್ತಿ ಕೇಂದ್ರದ ಒಳಗೇ ಇದ್ದೆ. ಥ್ಯಾಂಕ್ಸ್ ಹೇಳೋಣ ಅಂತ ಕೂತರೆ, ‘ನಿನ್ನ ಮೇಲೆ ನಂಬಿಕೆ ಇದೆ, ನೀನು ಬಿಟ್ಟೇ ಬಿಡ್ತೀಯ’ ಅಂದವರ ಮುಖ ಯಾಕೋ ಮೊದಲು ನೆನಪಾಗುತ್ತಿಲ್ಲ. ಅವರೂ ಒಳ್ಳೆಯವರೇ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ಅವರನ್ನೆಲ್ಲ ನಾನು ವರ್ಷಗಟ್ಟಲೆ ಯಾಮಾರಿಸಿದ್ದೆ. ನೆನಪಾಗುವುದು ನನ್ನ ಒಂದು ಮಾತನ್ನೂ ನಂಬದೇ ಇದ್ದವರು.

ಮೊದಲನೆಯವರು ಸೇರಿದ ದಿನ ನನ್ನ ಬ್ಯಾಗ್ ಬಿಚ್ಚಿ ನೋಡಿದ ಅಣ್ಣ. ಬಟ್ಟೆ ಒಂದೊಂದೇ ಕೊಡವಿ, ಮಡಚಿ, ಕೊನೆಗೆ ಮೌತ್‌ವಾಶ್ ಬಾಟಲಿ ತೆಗೆದು ಪಕ್ಕಕ್ಕಿಟ್ಟರು. ‘ಅದು ಬಾಯಿ ಮುಕ್ಕಳಿಸೋಕಣ್ಣಾ’ ಅಂದೆ. ‘ಗೊತ್ತು, ನಾನೂ ಮುಕ್ಕಳಿಸ್ತಿದ್ದೆ, ಉಗುಳ್ತಾ ಇರಲಿಲ್ಲ ಅಷ್ಟೇ’ ಅಂದರು. ಕೆಲವು ಮೌತ್‌ವಾಶ್‌ಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಅದು ನನಗೂ ಗೊತ್ತಿತ್ತು, ಅದಕ್ಕೇ ತಂದಿದ್ದೆ.

ಆಮೇಲೆ ಡಾಕ್ಟರ್. ದಿನಕ್ಕೆ ಎಷ್ಟು ಅಂತ ಕೇಳಿದರು. ‘ನಾಲ್ಕು ಪೆಗ್’ ಅಂದೆ, ಸ್ವಲ್ಪ ಹೆಚ್ಚೇ ಹೇಳಿದವನ ಹಾಗೆ ಮುಖ ಮಾಡಿಕೊಂಡು. ಅವರು ತಲೆಯಾಡಿಸಿ, ಆಚೆ ಕೂತಿದ್ದ ಅಕ್ಕನನ್ನು ಕರೆಸಿ ಅದೇ ಪ್ರಶ್ನೆ ಕೇಳಿದರು. ನನಗೆ ಅವಮಾನ ಆಯಿತು. ಆದರೆ ಆ ಲೆಕ್ಕ ನೋಡಿಯೇ ಅವರು ಮಾತ್ರೆಯ ಡೋಸ್ ಬರೆದದ್ದು. ನನ್ನ ನಾಲ್ಕು ಪೆಗ್ ನಂಬಿದ್ದರೆ ಏನಾಗುತ್ತಿತ್ತೋ! ವರ್ಷಾನುಗಟ್ಟಲೆ ಕುಡಿದವನ ಮೆದುಳು ಆ ಮಂಪರಿಗೆ ಎದುರಾಗಿ ಸದಾ ಜೋರಾಗಿ ಓಡಿಯೇ ಅಭ್ಯಾಸ ಮಾಡಿಕೊಂಡಿರುತ್ತದಂತೆ, ಕುಡಿತ ಥಟ್ಟನೆ ನಿಂತರೂ ಅದು ಮಾತ್ರ ಓಡುತ್ತಲೇ ಇರುತ್ತದೆ, ಅದರಿಂದಲೇ ಕೈನಡುಕ, ಬೆವರು, ನಿದ್ದೆ ಇಲ್ಲದಿರುವುದು, ಕೆಲವರಿಗೆ ಫಿಟ್ಸ್. ಫಿಟ್ಸ್ ಸಾಮಾನ್ಯವಾಗಿ ಕೊನೆಯ ಪೆಗ್ ಆಗಿ 6ರಿಂದ 48 ಗಂಟೆಯೊಳಗೆ ಬರುತ್ತದೆ. ಡೆಲಿರಿಯಂ ಅನ್ನುವ, ಇಲ್ಲದ್ದು ಕಾಣುವ ಸ್ಥಿತಿ 48ರಿಂದ 96 ಗಂಟೆಯ ನಡುವೆ. ಎರಡೂ ಪ್ರಾಣ ತೆಗೆಯಬಲ್ಲವು. ಇದನ್ನು ಓದುತ್ತಿರುವವರಲ್ಲಿ ದಿನಾ ಜಾಸ್ತಿ ಕುಡಿಯುವ ಯಾರಾದರೂ ‘ನಾಳೆಯಿಂದ ಮನೆಯಲ್ಲೇ ಒಂದೇ ಏಟಿಗೆ ಬಿಡ್ತೀನಿ’ ಅಂದುಕೊಂಡಿದ್ದರೆ, ದಯವಿಟ್ಟು ಮೊದಲು ಡಾಕ್ಟರಿಗೆ ತೋರಿಸಿ. ಛಲ ಎಲ್ಲ ಆಮೇಲೆ.

ರಾತ್ರಿ ಡ್ಯೂಟಿಯ ಸಿಸ್ಟರ್‌ಗೆ ನಾನು ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಕೆಲವು ಗಂಟೆಗೊಮ್ಮೆ ಬಂದು ಎಬ್ಬಿಸುವರು. ‘ಹೇಗಿದ್ದೀರಿ?’ ‘ಸೂಪರ್ ಸಿಸ್ಟರ್.’ ‘ಸರಿ, ಎರಡೂ ಕೈ ಮುಂದೆ ಚಾಚಿ.’ ನನ್ನ ಬಾಯಿ ಸೂಪರ್ ಅಂತಿತ್ತು, ಬೆರಳುಗಳು ಬೇರೆಯದೇ ಕಥೆ ಹೇಳುತ್ತಿದ್ದವು, ಅವರು ಬೆರಳುಗಳ ಮಾತನ್ನು ಬರೆದುಕೊಂಡು ಹೋಗುವರು. ಮಾತ್ರೆ ಕೊಟ್ಟ ಮೇಲೆ ನಾಲಿಗೆ ಎತ್ತಿಸಿ ನೋಡುವರು. ನೋಡಲೇಬೇಕಿತ್ತು, ಯಾಕೆಂದರೆ ಎರಡನೇ ದಿನ ನಾನು ಒಂದು ಮಾತ್ರೆ ಉಳಿಸಿಕೊಳ್ಳಲು ಪ್ರಯತ್ನಿಸಿದ್ದೆ. ಡ್ರಿಪ್ ಹಾಕುವ ಮುಂಚೆ ಇನ್ನೊಂದು ಇಂಜೆಕ್ಷನ್ ಯಾಕೆ ಅಂತ ಜಗಳ ಆಡಿದೆ. ಅದು ಥಯಾಮಿನ್, ಅಂದರೆ ವಿಟಮಿನ್ ಬಿ1. ಕುಡಿಯುವವರ ಮೈಯಲ್ಲಿ ಅದು ಬರಿದಾಗಿರುತ್ತದಂತೆ, ಅದಿಲ್ಲದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೇ ಏಟು ಬೀಳಬಹುದಂತೆ. ಮೂರನೇ ರಾತ್ರಿ ಗೋಡೆ ಮೇಲೆ ಇರುವೆ ಸಾಲು ಹರಿದಾಡುವುದು ಕಂಡಿತು. ಸಿಸ್ಟರ್ ನನ್ನ ಮಾತಿಗೆ ನಗಲಿಲ್ಲ. ಗೋಡೆಗೆ ಟಾರ್ಚ್ ಬಿಟ್ಟು, ‘ನನಗೆ ಕಾಣ್ತಾ ಇಲ್ಲ, ನಿಮಗೆ ಕಾಣ್ತಿದೆ, ಡಾಕ್ಟರನ್ನ ಕರೀತೀನಿ’ ಅಂದರು.

ಇದಕ್ಕೂ ಮುಂಚೆ ಬೇರೊಂದು ಕಡೆ ಇದ್ದು ಬಂದಿದ್ದೆ. ಹೆಸರು ಬೇಡ. ಅಲ್ಲೂ ನನ್ನನ್ನು ಯಾರೂ ನಂಬುತ್ತಿರಲಿಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ, ಡಾಕ್ಟರ್ ಅಂತ ಯಾರೂ ಇಲ್ಲ, ಕೇಳಿದರೆ ಬೈಗುಳ. ಒಂದೂವರೆ ತಿಂಗಳು ಅಲ್ಲಿದ್ದು, ಹೊರಗೆ ಬಂದ ಸಂಜೆಯೇ ಕುಡಿದೆ. ಈ ಕೇಂದ್ರದಲ್ಲಿ ಹಗಲು ಗೇಟಿಗೆ ಬೀಗ ಇರಲಿಲ್ಲ. ಹೋಗಬೇಕು ಅಂದರೆ ಸಹಿ ಹಾಕಿ ಹೋಗಬಹುದಿತ್ತು. ನನ್ನ ಮಾತಿನ ಮೇಲೆ ಮಾತ್ರ ಅವರಿಗೆ ಅನುಮಾನ, ನನ್ನ ಮೇಲಲ್ಲ. ಈ ವ್ಯತ್ಯಾಸ ಅರ್ಥ ಆಗೋಕೆ ನನಗೆ ತಿಂಗಳು ಹಿಡಿಯಿತು.

ಒಂಬತ್ತನೇ ದಿನ ಅಕ್ಕನಿಗೆ ಫೋನ್ ಮಾಡಿದೆ. ಕೈನಡುಕ ನಿಂತಿತ್ತು, ಹಸಿವು ಬಂದಿತ್ತು, ನಾನು ಗುಣವಾಗಿಬಿಟ್ಟಿದ್ದೇನೆ ಅಂತ ನಿಜವಾಗಿ ನಂಬಿದ್ದೆ. ಅತ್ತುಬಿಟ್ಟೆ. ಇಲ್ಲಿ ಸರಿಯಾಗಿ ನೋಡಿಕೊಳ್ಳುವುದಿಲ್ಲ ಅಂದೆ (ಸುಳ್ಳು). ಅಮ್ಮನ ಮೇಲೆ ಆಣೆ ಇಟ್ಟೆ. ಅಕ್ಕ ಎಲ್ಲ ಕೇಳಿಸಿಕೊಂಡು, ‘ಭಾನುವಾರ ಬರ್ತೀನಿ ಕಣೋ, ನೋಡೋದಕ್ಕೆ, ಕರ್ಕೊಂಡು ಹೋಗೋದಕ್ಕಲ್ಲ’ ಅಂತ ಹೇಳಿ ಇಟ್ಟುಬಿಟ್ಟಳು. ಇಟ್ಟ ಮೇಲೆ ಅರ್ಧ ಗಂಟೆ ಅತ್ತಳು ಅಂತ ಭಾವ ಆಮೇಲೆ ಹೇಳಿದರು. ಅವಳಿಗೂ ಇದು ಸುಮ್ನೆ ಬಂದ ಧೈರ್ಯ ಅಲ್ಲ. ಕುಡುಕರ ಮನೆಯವರಿಗೆಂದೇ 1951ರಲ್ಲಿ ಶುರುವಾದ ಆಲ್-ಅನಾನ್ ಅನ್ನೋ ಗುಂಪಿಗೆ ಅವಳು ನನಗಿಂತ ಮೊದಲೇ ಹೋಗಲು ಶುರುಮಾಡಿದ್ದಳು. ನನ್ನ ಸಾಲ ತೀರಿಸುವುದು, ನನ್ನ ಪರವಾಗಿ ಆಫೀಸಿಗೆ ಜ್ವರ ಅಂತ ಫೋನ್ ಮಾಡುವುದು, ಎಲ್ಲ ನಿಲ್ಲಿಸಿದ್ದೂ ಅಲ್ಲಿಂದಲೇ. ಆಗ ಎಷ್ಟು ಬೈದಿದ್ದೆ ನಿನ್ನನ್ನ, ಅಕ್ಕ.

ನನ್ನ ರೂಮ್‌ಮೇಟ್ ಕುಡಿತದವನಲ್ಲ, ಹೆರಾಯಿನ್. ನನಗಿಂತ ತುಂಬಾ ಚಿಕ್ಕವನು. ಅವನ ಡಿಟಾಕ್ಸ್, ಅಂದರೆ ಮೈಯಿಂದ ನಶೆ ಇಳಿಯುವ ದಿನಗಳನ್ನು, ನೋಡಿದ್ದೇನೆ: ಮೂಗು ಸೋರುವುದು, ಭೇದಿ, ಮೂಳೆ ಮೂಳೆ ನೋವು, ಹೊದ್ದುಕೊಂಡರೂ ನಡುಕ. ಗ್ರೂಪಿನಲ್ಲಿ ನಾನು ‘ಬಾಸ್ ಕೊಟ್ಟ ಟೆನ್ಷನ್‌ಗೆ ಕುಡೀತಿದ್ದೆ’ ಅಂತ ಕಥೆ ಬಿಟ್ಟಾಗ, ‘ಅಣ್ಣಾ, ಭಾನುವಾರ ಬಾಸ್ ಎಲ್ಲಿರ್ತಿದ್ದ?’ ಅಂತ ಕೇಳಿದ್ದು ಅವನೇ. ಹದಿನೈದು ಜನ ನಕ್ಕರು. ನಾನು ಎರಡು ದಿನ ಅವನ ಜೊತೆ ಮಾತು ಬಿಟ್ಟೆ.

ಮನೆಗೆ ಹೋದ ನಾಲ್ಕು ತಿಂಗಳಿಗೆ ಅವನು ಜಾರಿದ. ಬಿಟ್ಟಿದ್ದ ಕಾಲದಲ್ಲಿ ಮೈಗೆ ತಡೆಯುವ ಶಕ್ತಿ ಇಳಿದಿರುತ್ತದೆ, ಹಳೆಯ ಡೋಸನ್ನೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಇದನ್ನು ಅವನಿಗೂ ಅವನ ಅಮ್ಮನಿಗೂ ಕೇಂದ್ರದಲ್ಲಿ ಕೂರಿಸಿ ಹೇಳಿದ್ದರು, ಹೆರಾಯಿನ್ ಡೋಸ್ ಹೆಚ್ಚಾದಾಗ ಅದರ ಪರಿಣಾಮ ತಡೆಯುವ, ಮೂಗಿಗೆ ಬಿಡುವ ನಲಾಕ್ಸೋನ್ ಸ್ಪ್ರೇ ಕೊಟ್ಟು ಕಳಿಸಿದ್ದರು. ಅವನು ನೊಂದುಕೊಂಡಿದ್ದ, ‘ನಾನು ಮತ್ತೆ ತಗೊಳ್ತೀನಿ ಅಂತಾನೇ ಅಲ್ವಾ ಇದು?’ ಅಂತ. ಆ ಸ್ಪ್ರೇಯಿಂದಲೇ ಆಂಬುಲೆನ್ಸ್ ಬರುವವರೆಗೆ ಅಮ್ಮ ಅವನನ್ನು ಉಳಿಸಿಕೊಂಡರು. ಆಮೇಲೆ ಅವನೇ ನಡೆದುಕೊಂಡು ಕೇಂದ್ರಕ್ಕೆ ಹೋಗಿ ಸೇರಿದ. ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಸ್ಥೆ ಶುರುಮಾಡಿದ ಇಬ್ಬರಲ್ಲಿ ಒಬ್ಬರಾದ ಡಾಕ್ಟರ್ ಬಾಬ್ ಕೂಡ 1935ರಲ್ಲಿ ಇನ್ನೊಬ್ಬರಾದ ಬಿಲ್ ಅವರನ್ನು ಭೇಟಿಯಾಗಿ ಕುಡಿತ ಬಿಟ್ಟು, ಕೆಲವೇ ವಾರಗಳಲ್ಲಿ ಒಂದು ಸಮ್ಮೇಳನಕ್ಕೆ ಹೋದಾಗ ಮತ್ತೆ ಕುಡಿದಿದ್ದರು. ಅವರ ಕೊನೆಯ ಕುಡಿತ ಜೂನ್ 10. ಆ ದಿನವನ್ನೇ ಸಂಸ್ಥೆಯ ಹುಟ್ಟುಹಬ್ಬ ಅಂತ ಇಟ್ಟುಕೊಂಡಿದ್ದಾರೆ. ಇದನ್ನು ನಾನು ಅವನಿಗೆ ಫೋನಿನಲ್ಲಿ ಹೇಳಿದೆ. ‘ಹಾಗಾದ್ರೆ ನಂದೂ ಹುಟ್ಟುಹಬ್ಬ ಮಾಡಿ ಅಣ್ಣಾ’ ಅಂದ. ತರಲೆ.

ಕೌನ್ಸೆಲರ್ ಮೇಡಂ, ನಲವತ್ತನೇ ದಿನ ನಾನು ‘ಈಗ ಕ್ರೇವಿಂಗ್ ಒಂಚೂರೂ ಇಲ್ಲ ಮೇಡಂ’ ಅಂದಾಗ ನೀವು ಪೆನ್ನು ಕೊಟ್ಟು, ಮನೆಗೆ ಹೋದ ಮೊದಲ ಶುಕ್ರವಾರ ಸಂಜೆ 6ರಿಂದ 10ರವರೆಗೆ ಏನು ಮಾಡುತ್ತೀರಿ, ಗಂಟೆ ಗಂಟೆಗೆ ಬರೆಯಿರಿ ಅಂದಿರಿ. ಏಳು ಗಂಟೆಯ ಮುಂದೆ ಬರೆಯಲು ನನಗೆ ಏನೂ ಇರಲಿಲ್ಲ. ಆ ಖಾಲಿ ಗೆರೆ ನೋಡಿ ಆದ ಭಯವೇ ನನ್ನನ್ನು ಉಳಿದ ಐವತ್ತು ದಿನ ಅಲ್ಲಿ ಕೂರಿಸಿದ್ದು. ಈಗ ಶುಕ್ರವಾರ ಏಳಕ್ಕೆ ಮೀಟಿಂಗ್ ಇದೆ. ಚೇರ್ ಜೋಡಿಸುವ ಕೆಲಸ ನನ್ನದು, ತಪ್ಪಿಸುವ ಹಾಗಿಲ್ಲ.

ಮೊನ್ನೆ ಅಕ್ಕ ಮನೆಗೆ ಬಂದಿದ್ದಳು. ವರ್ಷ ಆಗುತ್ತಾ ಬಂದಿದೆ, ಖುಷಿಯಲ್ಲಿದ್ದಳು. ಬಾಗಿಲು ತೆಗೆದ ಕೂಡಲೇ ತಬ್ಬಿಕೊಂಡಳು, ತಬ್ಬಿಕೊಂಡು ಮೆಲ್ಲಗೆ ಉಸಿರು ಮೂಸಿದಳು. ನನಗೆ ಗೊತ್ತಾಯಿತು ಅಂತ ಅವಳಿಗೂ ಗೊತ್ತಾಯಿತು. ನಾನು ಬಾಯಿ ದೊಡ್ಡದಾಗಿ ತೆಗೆದು ಹಾ ಅಂತ ಊದಿದೆ. ‘ಥೂ, ಹಲ್ಲುಜ್ಜೋ ಮೊದ್ಲು’ ಅಂತ ತಲೆಗೊಂದು ಕೊಟ್ಟು ಒಳಗೆ ಹೋದಳು.