ಅವ್ವ ಮತ್ತೆ ಹೊಲಕ್ಕೆ ಬಂದಳು: ನಮ್ಮ ಸಣ್ಣ ದವಾಖಾನೆಗೆ ಕೃತಜ್ಞತೆ

ಈ ಸಲದ ಎಳ್ಳಮಾವಾಸ್ಯೆಯ ದಿನ ನಮ್ಮ ಅವ್ವ ಯಾರ ಕೈಯನ್ನೂ ಹಿಡಿಯದೆ ತೊಗರಿ ಹೊಲಕ್ಕೆ ನಡೆದು ಬಂದಳು. ಭಜ್ಜಿ, ಸಜ್ಜೆ ರೊಟ್ಟಿ, ಕಡುಬಿನ ಎಡೆ ಹಿಡಿದು ಭೂತಾಯಿಗೆ ಚರಗ ಚೆಲ್ಲಿದಳು. ಅದೇ ಹೊಲದ ಬದುವಿನಲ್ಲಿ ಶ್ರಾವಣದ ಒಂದು ಸಂಜೆ, ಎತ್ತಿಗೆ ಹುಲ್ಲು ಕೊಯ್ಯುತ್ತಿದ್ದಾಗ, ಆಕೆಯ ಎಡಗಾಲಿಗೆ ಕೊಳಕುಮಂಡಲ ಹಾವು ಕಚ್ಚಿತ್ತು. ಆಕೆಯನ್ನು ಉಳಿಸಿಕೊಟ್ಟವರು ಚಿಂಚೋಳಿ ತಾಲ್ಲೂಕಿನ ನಮ್ಮ ಭಾಗದ ಸಮುದಾಯ ಆರೋಗ್ಯ ಕೇಂದ್ರದವರು. ಹೆಸರು ಹಾಕಬೇಡಿ ಎಂದು ಅವರೇ ಹೇಳಿದ್ದರಿಂದ ಹೆಸರಿಲ್ಲದೆಯೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಕಚ್ಚಿದ ಕೂಡಲೇ ಮೊಣಕಾಲಿನ ಕೆಳಗೆ ಟವೆಲ್ಲನ್ನು ಬಿಗಿಯಾಗಿ ಕಟ್ಟಿದೆವು. ಮಂತ್ರ ಹಾಕುವವರನ್ನು ಕರೆಸಬೇಕೋ ಬೇಡವೋ ಎಂಬ ವಾದದಲ್ಲಿ ಅರ್ಧ ಗಂಟೆ ಕಳೆದೆವು. ಪಕ್ಕದ ಮನೆಯವರು ಟಂಟಂ ಆಟೊ ತಂದು ನಿಲ್ಲಿಸಿದ ಮೇಲಷ್ಟೇ ಹೊರಟೆವು. ಅಷ್ಟರಲ್ಲಿ ಪಾದ ಊದಿ, ಅವ್ವನ ಒಸಡಿನಿಂದ ರಕ್ತ ಜಿನುಗತೊಡಗಿತ್ತು. ಕರ್ತವ್ಯದಲ್ಲಿದ್ದ ವೈದ್ಯರು ಆ ಟವೆಲ್ ನೋಡಿ ನಮ್ಮನ್ನು ಬೈಯಲಿಲ್ಲ. ಥಟ್ಟನೆ ಬಿಚ್ಚಲೂ ಇಲ್ಲ. ಸಲಾಯಿನ್ ಹಚ್ಚಿ, ಔಷಧಿಯನ್ನು ಕೈಗೆ ಸಿಗುವಂತೆ ಇಟ್ಟುಕೊಂಡ ಮೇಲೆ, ಗಂಟನ್ನು ಮೆಲ್ಲಗೆ ಸಡಿಲಿಸಿದರು.

ಆಮೇಲೆ ನಡೆದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಸಿಸ್ಟರ್ ಒಂದು ಹೊಸ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ತೆಗೆದು ಮಂಚದ ಪಕ್ಕದಲ್ಲಿ ನಿಲ್ಲಿಸಿ, ಅದನ್ನು ಯಾರೂ ಮುಟ್ಟಬಾರದೆಂದು ಹೇಳಿ, ಗಡಿಯಾರ ನೋಡಿಕೊಂಡರು. 20 ನಿಮಿಷಗಳಾದ ಮೇಲೆ ನಳಿಕೆಯನ್ನು ಓರೆ ಮಾಡಿದರೆ ರಕ್ತ ಹೆಪ್ಪುಗಟ್ಟದೆ ಕೆಂಪು ನೀರಿನಂತೆ ಹರಿಯಿತು. ಕೂಡಲೇ 10 ಬಾಟಲಿ ವಿಷನಿರೋಧಕ ಔಷಧಿಯನ್ನು ಸಲಾಯಿನ್‌ನಲ್ಲಿ ಬೆರೆಸಿ ಏರಿಸಿದರು. ನಡುವೆ ಅವ್ವನಿಗೆ ಚಳಿ ಹತ್ತಿ ಮೈತುಂಬ ದದ್ದು ಎದ್ದಾಗ ನಾವು ಎದೆಗೆಟ್ಟೆವು; ಅವರು ಮಾತ್ರ ಅದಕ್ಕೆ ಮೊದಲೇ ಸಿದ್ಧರಾಗಿದ್ದವರಂತೆ ಸಲಾಯಿನ್ ನಿಲ್ಲಿಸಿ, ಇಂಜೆಕ್ಷನ್ ಕೊಟ್ಟು, ದದ್ದು ಇಳಿದ ಮೇಲೆ ನಿಧಾನವಾಗಿ ಮತ್ತೆ ಶುರು ಮಾಡಿದರು. "ಆಯಿ, ಅಂಜಬ್ಯಾಡ್ರಿ, ನಾ ಇಲ್ಲೇ ಇರ್ತೀನಿ" ಎಂದ ಸಿಸ್ಟರ್ ಬೆಳಗಿನವರೆಗೂ ಹೇಳಿದಂತೆಯೇ ನಡೆದುಕೊಂಡರು. ಬಾವು ಎಲ್ಲಿಯವರೆಗೆ ಏರಿದೆಯೋ ಅಲ್ಲಿ ಬಾಲ್‌ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಹೊತ್ತು ಬರೆಯುತ್ತಿದ್ದರು. ಬೆಳಗಾಗುವಷ್ಟರಲ್ಲಿ ಅವ್ವನ ಕಾಲು ಶಾಲೆಯ ಅಳತೆಪಟ್ಟಿಯಂತಾಗಿತ್ತು.

ಇನ್ನಷ್ಟು ಔಷಧಿಯನ್ನು ಈಗಲೇ ಏಕೆ ಕೊಡುವುದಿಲ್ಲವೆಂದು ನನ್ನ ತಮ್ಮ ಸಿಟ್ಟಿನಿಂದಲೇ ಕೇಳಿದ. ವೈದ್ಯರು ಸ್ಟೂಲ್ ಎಳೆದುಕೊಂಡು ಕುಳಿತು, ಔಷಧಿ ಹಿಡಿಯುವುದು ವಿಷವನ್ನು ಮಾತ್ರ, ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳನ್ನು ಲಿವರ್ ಹೊಸದಾಗಿ ತಯಾರಿಸಬೇಕು, ಅದಕ್ಕೆ ಹೊತ್ತು ಬೇಕು, ಆದ್ದರಿಂದ ಆರು ಗಂಟೆ ಬಿಟ್ಟು ಮತ್ತೆ ನಳಿಕೆಯಲ್ಲಿ ನೋಡುತ್ತೇವೆ ಎಂದು ತಿಳಿಸಿ ಹೇಳಿದರು. ಆರು ಗಂಟೆಯ ನಂತರವೂ ರಕ್ತ ಹೆಪ್ಪುಗಟ್ಟಿರಲಿಲ್ಲ. ಇನ್ನೂ 10 ಬಾಟಲಿ ಕೊಟ್ಟರು. ಮರುದಿನದ ನಳಿಕೆಯನ್ನು ಓರೆ ಮಾಡಿದಾಗ ರಕ್ತ ಅಲುಗಲಿಲ್ಲ. ತಮ್ಮನೇ ಅದನ್ನು ಬೆಳಕಿಗೆ ಹಿಡಿದು ನೋಡಿದ. ಈ ಹಾವಿನ ವಿಷ ಮೂತ್ರಪಿಂಡಕ್ಕೂ ಹೊಡೆತ ಕೊಡಬಲ್ಲದೆಂದು ಮೂರು ದಿನ ಮೂತ್ರವನ್ನು ಅಳೆದು ಬರೆದರು. ಕಡಿಮೆಯಾದರೆ ಕಲಬುರಗಿಗೆ ಕಳಿಸಲು ಆಂಬ್ಯುಲೆನ್ಸ್ ಚಾಲಕರಿಗೂ ಹೇಳಿಟ್ಟಿದ್ದರು. ಆ ಪ್ರಸಂಗ ಬರಲಿಲ್ಲ.

ಔಷಧಿಗೆ ನಮ್ಮಿಂದ ಒಂದು ರೂಪಾಯಿಯನ್ನೂ ಪಡೆಯಲಿಲ್ಲ. ಹಾವು ಕಡಿತದ ಪ್ರಕರಣಗಳನ್ನು ಸರ್ಕಾರಕ್ಕೆ ವರದಿ ಮಾಡುವುದು 2024ರಿಂದ ನಮ್ಮ ರಾಜ್ಯದಲ್ಲಿ ಕಡ್ಡಾಯವಾಗಿದೆ ಎಂಬುದು, ಸಿಸ್ಟರ್ ರಿಜಿಸ್ಟರಿನಲ್ಲಿ ಅವ್ವನ ವಿವರ ತುಂಬುತ್ತಿದ್ದಾಗಲೇ ನನಗೆ ಗೊತ್ತಾದದ್ದು. ಅಲ್ಲಿ ಎಲ್ಲವೂ ಸರಿಯಿತ್ತೆಂದು ಬರೆದರೆ ಸುಳ್ಳಾಗುತ್ತದೆ: ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ, ಮಧ್ಯಾಹ್ನ ನಳದಲ್ಲಿ ನೀರು ನಿಲ್ಲುತ್ತಿತ್ತು, ರೋಗಿಯ ಜೊತೆ ಬಂದವರು ಪಡಸಾಲೆಯ ನೆಲದ ಮೇಲೆ ಮಲಗಬೇಕಿತ್ತು. ಆದರೆ ಹೊತ್ತಿಗೆ ಸರಿಯಾಗಿ ಯಾರಾದರೂ ಬಂದು ಅವ್ವನ ಮುಖ ನೋಡದೆ ಹೋದದ್ದು ಒಮ್ಮೆಯೂ ಇಲ್ಲ.

ವೈದ್ಯರಿಗೆ, ಮೂರೂ ಪಾಳಿಯ ಸಿಸ್ಟರ್‌ಗಳಿಗೆ, ಪ್ರಯೋಗಾಲಯದವರಿಗೆ, ವಾಂತಿ ಬಳಿಯುವಾಗಲೂ ಮುಖ ಸಿಂಡರಿಸದ ಸ್ವಚ್ಛತಾ ಸಿಬ್ಬಂದಿಯ ಅಕ್ಕನಿಗೆ, ಮನೆಗೆ ಬಂದ ಮೇಲೆ ಹದಿನೈದು ದಿನ ಗಾಯ ನೋಡಿ ಹೋದ ನಮ್ಮೂರ ಆಶಾ ಕಾರ್ಯಕರ್ತೆಗೆ, ಟಂಟಂ ತಂದ ನೆರೆಯವರಿಗೆ ನಮ್ಮ ಮನೆಯವರೆಲ್ಲರ ಕೃತಜ್ಞತೆಗಳು. ಸುಗ್ಗಿಯ ನಂತರ ಒಂದು ಚೀಲ ತೊಗರಿಬೇಳೆ ಒಯ್ದಾಗ ಯಾರೂ ಮುಟ್ಟಲಿಲ್ಲ. ಹಾಗಾದರೆ ಪಡಸಾಲೆಗೆ ಎರಡು ಬೆಂಚು ಮಾಡಿಸಿ ಕೊಡಬಹುದೇ ಎಂದು ಅವ್ವ ಕೇಳಿದಳು. ವೈದ್ಯರು ಬರೆದುಕೊಡಿ ಎಂದಿದ್ದಾರೆ. ಅರ್ಜಿ ಬರೆದಾಗಿದೆ, ಬಡಿಗರಿಗೆ ಅಳತೆಯನ್ನೂ ಕೊಟ್ಟಿದ್ದೇವೆ.